ಶಾಲೆಯ ದಿನಗಳು, ರಜೆಯ ದಿನಗಳು



ಮುಂಗಾರು ಬರುವ ಹೊತ್ತಿಗೆ ನಮ್ಮ ನಾಡಿನಲ್ಲಿ ಎರಡು ಕೆಲಸಗಳು ಒಟ್ಟಿಗೇ ಆರಂಭವಾಗುತ್ತವೆ. ರೈತನು ಹೊಲಕ್ಕೆ ಇಳಿಯುತ್ತಾನೆ, ಮಗು ಶಾಲೆಗೆ ಹೊರಡುತ್ತದೆ. ದೇವನಹಳ್ಳಿ ತಾಲ್ಲೂಕಿನ ಕುಂದಾಣದಂಥ ಊರಿನಲ್ಲಿ ಈ ಎರಡನ್ನೂ ಒಂದೇ ರಸ್ತೆಯಲ್ಲಿ ಕಾಣಬಹುದು. ಶಾಲೆಯ ಬಾಗಿಲಿಗೆ ಮಾವಿನ ತೋರಣ ಕಟ್ಟಿ, ಸಿಹಿ ಹಂಚಿ, ಮಕ್ಕಳನ್ನು ಬರಮಾಡಿಕೊಳ್ಳುವ ಪ್ರಾರಂಭೋತ್ಸವ ಒಂದು ಕಡೆ; ರಾಗಿ ಬಿತ್ತನೆಗೆ ಹೊಲ ಹದಮಾಡುವ ಕೆಲಸ ಇನ್ನೊಂದು ಕಡೆ. ಹದಿಮೂರನೆಯ ಶತಮಾನದಲ್ಲಿ ಹೊಯ್ಸಳ ಅರಸ ರಾಮನಾಥನ ರಾಜಧಾನಿಯಾಗಿತ್ತೆಂದು ಹೇಳಲಾಗುವ ಈ ಊರು ಇಂದು ಒಂದು ಹೋಬಳಿಯ ಕೇಂದ್ರ. ರಾಜರು ಹೋದರು, ಕೋಟೆ ಹೋಯಿತು. ಉತ್ತುವುದು, ಬಿತ್ತುವುದು ಮಾತ್ರ ನಿಂತಿಲ್ಲ.

ಶಾಲೆ ಆರಂಭವಾದರೆ ನಮಗೆ ನೆಮ್ಮದಿ, ರಜೆ ಬಂದರೆ ಚಿಂತೆ. 'ಇನ್ನು ಎರಡು ತಿಂಗಳು ಇವರನ್ನು ಹಿಡಿಯುವುದು ಹೇಗೆ?' ಎಂಬ ಮಾತು ಪ್ರತಿ ಏಪ್ರಿಲ್‌ನಲ್ಲಿ ಮನೆಮನೆಯಲ್ಲಿ ಕೇಳಿಬರುತ್ತದೆ. ಶಾಲೆಯೆಂದರೆ ಕಲಿಕೆ, ರಜೆಯೆಂದರೆ ಕಲಿಕೆ ನಿಂತ ಕಾಲ ಎಂದು ನಾವು ಭಾವಿಸಿದ್ದೇವೆ. ಇದು ಸರಿಯೇ? ಶಾಲೆಯ ವರ್ಷಕ್ಕೆ ಒಂದು ಆಕಾರವಿದೆ, ಆ ಆಕಾರದಲ್ಲಿ ರಜೆಗೂ ಒಂದು ಕೆಲಸವಿದೆ. ಅದೇನೆಂದು ಇಂದು ನಾವು ಸ್ವಲ್ಪ ಯೋಚಿಸೋಣ.

ವರ್ಷದ ಲೆಕ್ಕ

ಕರ್ನಾಟಕದಲ್ಲಿ ಶಾಲೆಯ ವರ್ಷಕ್ಕೆ ಎರಡು ಅವಧಿಗಳು, ಎರಡು ದೊಡ್ಡ ರಜೆಗಳು. ಉದಾಹರಣೆಗೆ 2024-25ನೇ ಸಾಲನ್ನು ತೆಗೆದುಕೊಳ್ಳೋಣ. 2024ರ ಮೇ 29ರಂದು ಶಾಲೆ ಆರಂಭವಾಯಿತು. ಅಕ್ಟೋಬರ್ 3ರಿಂದ 20ರವರೆಗೆ ದಸರಾ ರಜೆ. ಮತ್ತೆ ಅಕ್ಟೋಬರ್ 21ರಿಂದ 2025ರ ಏಪ್ರಿಲ್ 10ರವರೆಗೆ ಎರಡನೆಯ ಅವಧಿ. ಏಪ್ರಿಲ್ 11ರಿಂದ ಮೇ 28ರವರೆಗೆ ಬೇಸಿಗೆ ರಜೆ. ಎರಡು ರಜೆಗಳೂ ಸೇರಿ 66 ದಿನ. ಇವುಗಳ ಜೊತೆಗೆ ಭಾನುವಾರಗಳು, ಹಬ್ಬಗಳು, ಮಹನೀಯರ ಜಯಂತಿಗಳು, ರಾಷ್ಟ್ರೀಯ ದಿನಗಳು.

ಮಕ್ಕಳ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂದಿತು. ಅದರ ಪ್ರಕಾರ ಒಂದರಿಂದ ಐದನೆಯ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆ ಪಾಠ ನಡೆಯಬೇಕು. ಆರರಿಂದ ಎಂಟನೆಯ ತರಗತಿಯವರೆಗೆ ಕನಿಷ್ಠ 220 ದಿನ, 1000 ಗಂಟೆ. ಒಂದು ವರ್ಷದಲ್ಲಿ ಇರುವ ಗಂಟೆಗಳು 8760. ಅಂದರೆ ಏಳನೆಯ ತರಗತಿಯ ಮಗು ಕಾಯಿದೆ ಹೇಳಿದಷ್ಟು ಪಾಠವನ್ನು ಪೂರ್ತಿಯಾಗಿ ಕೇಳಿದರೂ ಅದು ವರ್ಷದ ಎಂಟನೆಯ ಒಂದು ಪಾಲಿಗಿಂತ ಕಡಿಮೆ! ಉಳಿದ ಸಮಯ ಎಲ್ಲಿ? ಮನೆಯಲ್ಲಿ, ಬೀದಿಯಲ್ಲಿ, ನಿದ್ದೆಯಲ್ಲಿ, ಆಟದಲ್ಲಿ, ದೇವಾಲಯದಲ್ಲಿ. ಮಗುವನ್ನು ಶಾಲೆಗೆ ಸೇರಿಸಿದ ಮಾತ್ರಕ್ಕೆ ನಮ್ಮ ಹೊಣೆ ಮುಗಿಯಲಿಲ್ಲ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಲೆಕ್ಕ ಬೇಕಿಲ್ಲ.

ರಜೆ ಎಂದರೆ ಏನು?

ಈ ಮಾತು ಕುಂದಾಣದ ಕಡೆಯ ರೈತರಿಗೆ ಬೇಗ ಅರ್ಥವಾಗುತ್ತದೆ. ರಾಗಿ ಕೊಯ್ಲಾದ ಮೇಲೆ ಹೊಲವನ್ನು ಎರಡು ರೀತಿ ಬಿಡಬಹುದು. ಒಂದು, ಹಾಗೆಯೇ ಬೀಡು ಬಿಡುವುದು. ಆಗ ಕಳೆ ಬೆಳೆಯುತ್ತದೆ, ನೆಲ ಗಟ್ಟಿಯಾಗುತ್ತದೆ. ಇನ್ನೊಂದು, ಮಾಗಿ ಉಳುಮೆ ಮಾಡಿ ಬಿಡುವುದು. ಆಗ ನೆಲ ಬಾಯಿ ತೆರೆದುಕೊಂಡು ಬಿಸಿಲನ್ನೂ ಗಾಳಿಯನ್ನೂ ಕುಡಿಯುತ್ತದೆ, ಮಣ್ಣಿನೊಳಗಿನ ಹುಳುಗಳು ಸಾಯುತ್ತವೆ, ಬೇಸಿಗೆಯ ಒಂದೆರಡು ಮಳೆಯ ನೀರನ್ನು ಹೊಲ ಹಿಡಿದಿಟ್ಟುಕೊಳ್ಳುತ್ತದೆ. ನೋಡುವವನಿಗೆ ಎರಡು ಹೊಲಗಳೂ ಖಾಲಿ. ಆದರೆ ಮುಂಗಾರು ಬಂದಾಗ ವ್ಯತ್ಯಾಸ ತಿಳಿಯುತ್ತದೆ. ರಜೆಯೂ ಹೀಗೆಯೇ. ಅದು ಬೀಡು ಬಿಟ್ಟ ಕಾಲವಾಗಬಾರದು. ವರ್ಷವಿಡೀ ಬೆಳೆ ತೆಗೆದು ನೆಲವನ್ನು ಸೋಲಿಸುವ ಕಾಲವೂ ಆಗಬಾರದು. ಅದು ಮಾಗಿ ಉಳುಮೆಯ ಕಾಲ.

ದುಡಿಮೆಗೆ ಬಿಡುವು ಬೇಕು ಎಂಬುದು ಬಹಳ ಹಳೆಯ ತಿಳಿವಳಿಕೆ. ಸಬ್ಬತ್ ದಿನದ ಕಟ್ಟಳೆಯಲ್ಲಿ ಯಜಮಾನನಿಗೆ ಮಾತ್ರವಲ್ಲ, ಆಳಿಗೂ ಪರದೇಶಿಯವನಿಗೂ ಎತ್ತು ಕತ್ತೆಗಳಿಗೂ ವಿಶ್ರಾಂತಿ ಹೇಳಲಾಗಿತ್ತು. ನಮ್ಮ ದೇಶದಲ್ಲಿ ಭಾನುವಾರದ ರಜೆಯೂ ಎಲ್ಲರಿಗೂ ಸುಮ್ಮನೆ ಬಂದದ್ದಲ್ಲ. ಮುಂಬಯಿಯ ಗಿರಣಿ ಕಾರ್ಮಿಕರು ನಾರಾಯಣ ಮೇಘಾಜಿ ಲೋಖಂಡೆಯವರ ಮುಂದಾಳತ್ವದಲ್ಲಿ ವರ್ಷಗಟ್ಟಲೆ ಕೇಳಿಕೊಂಡು 1890ರಲ್ಲಿ ಅದನ್ನು ಪಡೆದರು. ಮಕ್ಕಳಿಗೂ ವಿಶ್ರಾಂತಿ, ಬಿಡುವು, ಆಟ ಇವು ಹಕ್ಕುಗಳೇ ಎಂದು ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ 1989ರಲ್ಲಿ ಸಾರಿತು. ಭಾರತವು 1992ರಲ್ಲಿ ಅದನ್ನು ಒಪ್ಪಿಕೊಂಡಿತು. ಹೀಗಿರುವಾಗ ಆಡುವ ಮಗುವನ್ನು ಕಂಡು 'ಕಾಲಹರಣ' ಎನ್ನುವುದು ನ್ಯಾಯವೇ?

ರಜೆಗಳಲ್ಲಿ ಇನ್ನೊಂದು ಪಾಠವೂ ಇದೆ. ದಸರೆಗೆ, ರಂಜಾನಿಗೆ, ಕ್ರಿಸ್‌ಮಸ್‌ಗೆ, ಸಂಕ್ರಾಂತಿಗೆ, ಕನಕ ಜಯಂತಿಗೆ, ವಾಲ್ಮೀಕಿ ಜಯಂತಿಗೆ ಶಾಲೆ ಮುಚ್ಚುತ್ತದೆ. ಕ್ರಿಸ್‌ಮಸ್ ಸಮಯದಲ್ಲಿ ಹೆಚ್ಚು ದಿನ ರಜೆ ಬೇಕೆನ್ನುವ ಶಾಲೆಗಳು ದಸರಾ ರಜೆಯಲ್ಲಿ ಅಷ್ಟು ದಿನ ಕಡಿಮೆ ಮಾಡಿಕೊಂಡು ಇಲಾಖೆಯ ಅನುಮತಿಯಿಂದ ಪಡೆಯುವ ಪದ್ಧತಿಯಿದೆ. ಅಂದರೆ ಒಬ್ಬರ ಹಬ್ಬವನ್ನು ಇನ್ನೊಬ್ಬರ ಹಬ್ಬದೊಂದಿಗೆ ಹೊಂದಿಸಿಕೊಂಡೇ ಶಾಲೆಯ ಪಂಚಾಂಗ ನಡೆಯುತ್ತದೆ. 'ನಾಳೆ ರಜೆ' ಎಂದು ಮಗು ಕುಣಿದಾಗ, 'ಯಾಕೆ ರಜೆ ಗೊತ್ತೇ?' ಎಂದು ನಾವು ಕೇಳಿದರೆ ಸಾಕು. ಪಕ್ಕದ ಮನೆಯವರ ಹಬ್ಬ ಮಗುವಿಗೆ ತಿಳಿಯುತ್ತದೆ.

ಲಯ ತಪ್ಪಿದಾಗ

ಶಾಲೆ ಮತ್ತು ರಜೆ ಒಂದನ್ನೊಂದು ಆತುಕೊಂಡಿವೆ ಎಂಬುದನ್ನು ಕೊರೋನಾ ಕಾಲ ನಮಗೆಲ್ಲ ಕಲಿಸಿತು. 2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆಗಳು ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಹತ್ತೊಂಬತ್ತು ತಿಂಗಳು! ಅದು ರಜೆಯಾಗಿರಲಿಲ್ಲ. ಮುಗಿಯುವ ದಿನ ಗೊತ್ತಿರುವುದಕ್ಕೆ ಮಾತ್ರ ರಜೆ ಎಂದು ಹೆಸರು. 2020ರಲ್ಲಿ 'ವಿದ್ಯಾಗಮ' ಎಂಬ ಹೆಸರಿನಲ್ಲಿ ಶಿಕ್ಷಕರೇ ಹಳ್ಳಿಗಳಿಗೆ ಹೋಗಿ, ಮರದ ನೆರಳಿನಲ್ಲಿ, ಗುಡಿಯ ಜಗಲಿಯ ಮೇಲೆ ಮಕ್ಕಳನ್ನು ಕೂಡಿಸಿ ಪಾಠ ಹೇಳಿದರು. ಸೋಂಕಿನ ಭಯದಿಂದ ಅದೂ ಕೆಲಕಾಲ ನಿಂತಿತು. ಮುಂದೆ 2022ರಲ್ಲಿ 'ಕಲಿಕಾ ಚೇತರಿಕೆ'ಗಾಗಿ ಬೇಸಿಗೆ ರಜೆಯನ್ನು ಮೊಟಕುಗೊಳಿಸಿ ಮೇ 16ರಂದೇ ಶಾಲೆ ಆರಂಭಿಸಬೇಕಾಯಿತು. 2025ರಲ್ಲಿ ಶಿಕ್ಷಕರು ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಹೋದಾಗ ದಸರಾ ರಜೆ ಅಕ್ಟೋಬರ್ 18ರವರೆಗೆ ಉದ್ದವಾಯಿತು. ಕಳೆದ ದಿನಗಳನ್ನು ಹೆಚ್ಚುವರಿ ತರಗತಿಗಳಿಂದ ತುಂಬಿಕೊಳ್ಳಬೇಕೆಂದು ಸೂಚಿಸಲಾಯಿತು. ಶಾಲೆಯ ದಿನ ಕಳೆದರೆ ಅದರ ಸಾಲವನ್ನು ಮಗು ತನ್ನ ಬಿಡುವಿನಿಂದ ತೀರಿಸಬೇಕಾಗುತ್ತದೆ.

ಎರಡು ಬಗೆಯ ನಷ್ಟ

ಇಂದು ಕುಂದಾಣದ ಸುತ್ತಮುತ್ತ ಬದುಕು ಬೇಗ ಬೇಗ ಬದಲಾಗುತ್ತಿದೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಭೂಮಿಗೆ ಬೆಲೆ ಬಂದಿತು, ಬಡಾವಣೆಗಳು ಎದ್ದವು. ಹೋಬಳಿಯ ಬೀರಸಂದ್ರದಲ್ಲಿ ಜಿಲ್ಲಾಡಳಿತ ಭವನವೇ ಬಂದಿದೆ. ಕೆಲವು ಮನೆಗಳಲ್ಲಿ ಕೈಗೆ ಹಣ ಬಂದಿದೆ. ಅದೇ ಊರಿಗೆ ದೂರದ ಜಿಲ್ಲೆಗಳಿಂದ ಕಟ್ಟಡ ಕೆಲಸಕ್ಕೆ, ತೋಟದ ಕೆಲಸಕ್ಕೆ ಕುಟುಂಬಗಳು ಬರುತ್ತಿವೆ. ಈ ಎರಡೂ ಕಡೆಯ ಮಕ್ಕಳು ರಜೆಯನ್ನು ಕಳೆದುಕೊಳ್ಳುತ್ತಿದ್ದಾರೆ, ಆದರೆ ಬೇರೆ ಬೇರೆ ರೀತಿಯಲ್ಲಿ.

ಅನುಕೂಲವಂತರ ಮಗುವಿಗೆ ರಜೆ ಬಂದ ಮರುದಿನವೇ ಟ್ಯೂಷನ್, ಬೇಸಿಗೆ ಶಿಬಿರ, ಮುಂದಿನ ತರಗತಿಯ ಪಾಠ. ಉಳಿದ ಸಮಯಕ್ಕೆ ಮೊಬೈಲ್. ಆ ಮಗುವಿಗೆ ಅಜ್ಜಿಯ ಮನೆಯ ದಾರಿ ಮರೆತಿದೆ. ರಾಗಿಯ ತೆನೆ ಹೇಗಿರುತ್ತದೆ, ಚಕ್ಕೋತದ ಗಿಡ ಯಾವುದು, ರೇಷ್ಮೆ ಹುಳು ಎಷ್ಟು ಬಾರಿ ಪೊರೆ ಬಿಡುತ್ತದೆ ಎಂಬುದು ಪಕ್ಕದಲ್ಲೇ ಇದ್ದರೂ ತಿಳಿಯದು.

ಬಡವರ ಮಗುವಿಗೆ ರಜೆಯೆಂದರೆ ತಂಗಿಯನ್ನು ಎತ್ತಿಕೊಂಡು ಕೂರುವುದು, ಅಪ್ಪನ ಜೊತೆ ಕೆಲಸಕ್ಕೆ ಹೋಗುವುದು. ಇನ್ನೂ ಒಂದು ಕಷ್ಟವಿದೆ. ನಮ್ಮ ರಾಜ್ಯದಲ್ಲಿ 2002ರಲ್ಲಿ ಈಶಾನ್ಯ ಜಿಲ್ಲೆಗಳಲ್ಲಿ ಆರಂಭವಾದ 'ಅಕ್ಷರ ದಾಸೋಹ'ದ ಬಿಸಿಯೂಟ, 2013ರಲ್ಲಿ ಬಂದ 'ಕ್ಷೀರಭಾಗ್ಯ'ದ ಹಾಲು ಎಷ್ಟೋ ಮಕ್ಕಳಿಗೆ ದಿನದ ಆಧಾರ. ಶಾಲೆ ಮುಚ್ಚಿದರೆ ಅಡುಗೆಮನೆಯೂ ಮುಚ್ಚುತ್ತದೆ. ಬರಗಾಲದ ವರ್ಷವಾದ 2024ರ ಬೇಸಿಗೆ ರಜೆಯಲ್ಲಿ ಬರಪೀಡಿತ ತಾಲ್ಲೂಕುಗಳ ಮಕ್ಕಳಿಗೆ ಸರ್ಕಾರವು ಬಿಸಿಯೂಟದ ಏರ್ಪಾಡು ಮಾಡಿತು. ರಜೆಯಲ್ಲಿ ಹಸಿವು ಇರುತ್ತದೆ ಎಂಬುದನ್ನು ಆ ಏರ್ಪಾಡೇ ಒಪ್ಪಿಕೊಂಡಂತಾಯಿತು. ಒಬ್ಬ ಮಗುವಿಗೆ ಬಿಡುವಿಲ್ಲದ ರಜೆ, ಇನ್ನೊಬ್ಬ ಮಗುವಿಗೆ ಊಟವಿಲ್ಲದ ರಜೆ. ಇಬ್ಬರೂ ಜೂನ್ ಬಂದಾಗ ಒಂದೇ ಬೆಂಚಿನ ಮೇಲೆ ಕೂರಬೇಕು. ಬಡ ಮಗುವಿನ ಜಾಗ ಎಷ್ಟೋ ಸಲ ಖಾಲಿಯೇ ಉಳಿಯುತ್ತದೆ. ರಜೆಯಲ್ಲಿ ಕೆಲಸಕ್ಕೆ ಹೋದ ಕೈಗೆ ನಾಲ್ಕು ಕಾಸು ಸಿಕ್ಕರೆ, ಆ ಕೈ ಪುಸ್ತಕಕ್ಕೆ ಮರಳುವುದು ಕಷ್ಟ.

ನಾವೇನು ಮಾಡಬಹುದು?

ಮೊದಲನೆಯದಾಗಿ, ಶಾಲೆಯ ದಿನವನ್ನು ಶಾಲೆಗೇ ಬಿಟ್ಟುಕೊಡೋಣ. ಮದುವೆ, ಗೃಹಪ್ರವೇಶ, ನೆಂಟರ ಮನೆಯ ಊಟ ಎಂದು ಮಗುವನ್ನು ನಿಲ್ಲಿಸಿಕೊಳ್ಳುವುದು ಬೇಡ. ನಮ್ಮ ಹಬ್ಬಗಳಿಗೂ ಈ ಮಾತು ಸಲ್ಲುತ್ತದೆ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ 8ರವರೆಗೆ ಮಾತೆ ಮರಿಯಮ್ಮನವರ ಹಬ್ಬದ ನೊವೆನಾ ದಿನಗಳು ಶಾಲೆಯ ದಿನಗಳೂ ಹೌದು. ಸಂಜೆಯ ಪೂಜೆಗೆ ಮಗುವನ್ನು ಕರೆತಂದರೆ ಭಕ್ತಿಗೆ ಏನೂ ಕೊರತೆಯಾಗುವುದಿಲ್ಲ, ಪಾಠವೂ ತಪ್ಪುವುದಿಲ್ಲ.

ಎರಡನೆಯದಾಗಿ, ರಜೆಯನ್ನು ರಜೆಯಾಗಿಯೇ ಉಳಿಸೋಣ. ಧರ್ಮೋಪದೇಶ, ಪ್ರಥಮ ಪರಮಪ್ರಸಾದದ ಸಿದ್ಧತೆ ಬೇಸಿಗೆಯಲ್ಲೇ ನಡೆಯುವುದರಿಂದ ಧರ್ಮಕೇಂದ್ರಗಳಲ್ಲಿ ನಾವೂ ಎಚ್ಚರವಾಗಿರಬೇಕು. ಅವು ಇನ್ನೊಂದು ಟ್ಯೂಷನ್ ಆಗದಿರಲಿ. ಬೆಳಗಿನ ಎರಡು ಗಂಟೆ ಪಾಠವಾದರೆ ಉಳಿದದ್ದು ಆಟಕ್ಕೆ. ಮನೆಯಲ್ಲಿ ಸಣ್ಣ ಕೆಲಸ ಹೇಳಿ: ಗಿಡಕ್ಕೆ ನೀರು ಹಾಕುವುದು, ಸೊಪ್ಪು ಬಿಡಿಸುವುದು, ಅಜ್ಜನಿಗೆ ಪತ್ರಿಕೆ ಓದಿ ಹೇಳುವುದು. ಕೂಲಿಗಾಗಿ ದುಡಿಯುವುದೇ ಬೇರೆ, ಮನೆಯವನಾಗಿ ಕೈಜೋಡಿಸುವುದೇ ಬೇರೆ. ಎರಡನ್ನೂ ಒಂದೇ ಎಂದು ತಿಳಿಯಬೇಡಿ.

ಮೂರನೆಯದಾಗಿ, ಫಲಿತಾಂಶದ ದಿನ ಮನೆಯನ್ನು ನ್ಯಾಯಾಲಯ ಮಾಡಬೇಡಿ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ 2024ರಲ್ಲಿ ಒಂದೇ ವರ್ಷದೊಳಗೆ ಮೂರು ಪರೀಕ್ಷೆಗಳ ಅವಕಾಶ ನೀಡಲಾಯಿತು. ಒಂದು ಬಾರಿ ಬಿದ್ದವನು ಅದೇ ವರ್ಷ ಏಳಬಹುದು ಎಂದು ಪರೀಕ್ಷಾ ಮಂಡಳಿಯೇ ನಂಬಿರುವಾಗ, ಹೆತ್ತವರು ನಂಬದಿದ್ದರೆ ಹೇಗೆ?

ನಾಲ್ಕನೆಯದಾಗಿ, ನೆರೆಯ ಮಗುವನ್ನು ನೆನೆಯೋಣ. ಕೆಲಸ ಹುಡುಕಿ ಬಂದವರಿಗೆ ಕಾನೂನು ತಿಳಿದಿರುವುದಿಲ್ಲ. ಆರರಿಂದ ಹದಿನಾಲ್ಕು ವರ್ಷದ ಮಗುವನ್ನು ವರ್ಷದ ನಡುವೆ ಬಂದರೂ ಶಾಲೆಗೆ ಸೇರಿಸಿಕೊಳ್ಳಬೇಕು. ವಯಸ್ಸಿನ ದಾಖಲೆ ಇಲ್ಲವೆಂದೋ ವರ್ಗಾವಣೆ ಪತ್ರ ತಡವಾಯಿತೆಂದೋ ಹಿಂದೆ ಕಳುಹಿಸುವಂತಿಲ್ಲ. ಈ ಒಂದು ಮಾತನ್ನು ಪಕ್ಕದ ಶೆಡ್ಡಿನ ತಾಯಿಗೆ ಹೇಳಿ, ಮೊದಲ ದಿನ ಅವಳ ಜೊತೆ ಶಾಲೆಯವರೆಗೆ ನಡೆದುಹೋಗುವುದು ದೊಡ್ಡ ಸೇವೆ. ಬೇಸಿಗೆಯಲ್ಲಿ ನಮ್ಮ ಮಕ್ಕಳ ಜೊತೆ ಆ ಮಗುವಿಗೂ ಒಂದು ತಟ್ಟೆ ಇಡುವುದು ಇನ್ನೂ ದೊಡ್ಡ ಸೇವೆ.

ಯೇಸುಸ್ವಾಮಿ ಹನ್ನೆರಡು ವರ್ಷದವರಾಗಿದ್ದಾಗ ಪಾಸ್ಕ ಹಬ್ಬಕ್ಕೆ ಜೆರುಸಲೇಮಿಗೆ ಹೋದುದನ್ನು ನಾವೆಲ್ಲ ಬಲ್ಲೆವು. ವರ್ಷಕ್ಕೊಮ್ಮೆ ಬಂಧುಬಳಗದೊಂದಿಗೆ ಪ್ರಯಾಣ, ಅಲ್ಲಿ ಗುರುಗಳ ನಡುವೆ ಕುಳಿತು ಕೇಳುವುದು, ಪ್ರಶ್ನಿಸುವುದು, ಆಮೇಲೆ ನಜರೇತಿಗೆ ಮರಳಿ ತಂದೆತಾಯಿಗೆ ವಿಧೇಯರಾಗಿ ಬೆಳೆಯುವುದು. ಹಬ್ಬ, ಕಲಿಕೆ, ಮನೆ ಈ ಮೂರೂ ಆ ಬಾಲ್ಯದಲ್ಲಿ ಕೂಡಿದ್ದವು. ಒಂದನ್ನು ಬಿಟ್ಟು ಒಂದನ್ನು ಬೆಳೆಸಲಿಲ್ಲ.

ನಮ್ಮ ಮಕ್ಕಳಿಗೂ ಈ ಮೂರೂ ದೊರೆಯಲಿ. ಮುಂದಿನ ಬೇಸಿಗೆಯಲ್ಲಿ ಶಾಲೆಯ ಗೇಟಿಗೆ ಬೀಗ ಬಿದ್ದಾಗ ಪ್ರತಿ ಮನೆಯೂ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಲಿ: ಜೂನ್ ಬರುವ ಹೊತ್ತಿಗೆ ನಮ್ಮ ಮಗು ದಣಿದು ಬರುವುದೋ, ಹದವಾಗಿ ಬರುವುದೋ? ನಮ್ಮ ಬೀದಿಯ ಯಾವ ಮಗುವಾದರೂ ಬಾರದೆ ಉಳಿಯುವುದೋ? ಇವಕ್ಕೆ ಉತ್ತರ ಕೊಡಬೇಕಾದವರು ಶಿಕ್ಷಕರಷ್ಟೇ ಅಲ್ಲ, ನಾವು. ದೇವರು ನಿಮ್ಮ ಮಕ್ಕಳನ್ನು, ಅವರ ಗುರುಗಳನ್ನು, ಅವರಿಗೆ ಬಿಸಿಯೂಟ ಬೇಯಿಸಿ ಬಡಿಸುವ ತಾಯಂದಿರನ್ನು ಹರಸಲಿ.