ಬೈಕಿನ ಮುಂದಿನ ಟೈರನ್ನು ಹಿಂದಕ್ಕೆ ಹಾಕಬಹುದೇ?



ಹಿಂದೆ ಎತ್ತಿನ ಗಾಡಿ ಮಾಡುತ್ತಿದ್ದ ಕೆಲಸದಲ್ಲಿ ಬಹುಪಾಲನ್ನು ಈಗ ನಮ್ಮ ಹಳ್ಳಿಗಳಲ್ಲಿ ಮೋಟಾರುಬೈಕು ಮಾಡುತ್ತಿದೆ. ಬೆಳಗ್ಗೆ ಡೇರಿಗೆ ಹಾಲು, ಮಧ್ಯಾಹ್ನ ಹೊಲಕ್ಕೆ ಬುತ್ತಿ, ಸಂಜೆ ದನಕ್ಕೆ ಹುಲ್ಲಿನ ಹೊರೆ, ಸಂತೆಯ ದಿನ ತರಕಾರಿ ಮೂಟೆ, ಎಲ್ಲವೂ ಬೈಕಿನ ಮೇಲೆಯೇ. ಹೀಗೆ ದುಡಿಯುವ ಬೈಕಿನ ಹಿಂದಿನ ಟೈರು ಬೇಗ ನುಣ್ಣಗಾಗುತ್ತದೆ. ಮುಂದಿನ ಟೈರಿನಲ್ಲಿ ಮಾತ್ರ ಇನ್ನೂ ಅರ್ಧ ರಬ್ಬರು ಉಳಿದಿರುತ್ತದೆ. ಆಗ ಅನೇಕರು ಕೇಳುವ ಪ್ರಶ್ನೆ ಒಂದೇ: "ಮುಂದಿನದನ್ನು ಬಿಚ್ಚಿ ಹಿಂದಕ್ಕೆ ಹಾಕಿ, ಹೊಸದನ್ನು ಮುಂದಕ್ಕೆ ಹಾಕಿದರೆ ಆಗದೆ?"

ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಬಹಳ ಮಟ್ಟಿಗೆ ಹಾಗೆ ಮಾಡಕೂಡದು. ರಿಮ್ಮಿಗೆ ಟೈರು ಕೂತ ಮಾತ್ರಕ್ಕೆ ಅದು ಆ ಚಕ್ರದ ಟೈರು ಆಗುವುದಿಲ್ಲ. ಕೆಲವು ಷರತ್ತುಗಳು ಪೂರ್ತಿಯಾದರೆ ಮಾತ್ರ ಹಾಕಬಹುದು. ಅವು ಯಾವುವು, ಏಕೆ ಎಂಬುದನ್ನು ತಿಳಿದರೆ, ನಿಮ್ಮ ಗಾಡಿಯ ವಿಷಯವನ್ನು ನೀವೇ ತೀರ್ಮಾನಿಸಬಹುದು.

ಟ್ರ್ಯಾಕ್ಟರನ್ನು ನೋಡಿ ಕಲಿಯಿರಿ

ಟ್ರ್ಯಾಕ್ಟರಿನ ಮುಂದಿನ ಟೈರಿನಲ್ಲಿ ಸುತ್ತಲೂ ಉದ್ದಕ್ಕೆ ಪಟ್ಟೆಗಳಿರುವುದನ್ನು ನೀವೆಲ್ಲ ಬಲ್ಲಿರಿ. ಹಿಂದಿನ ಟೈರಿನಲ್ಲಿ ಓರೆಯಾದ ದಪ್ಪ ಹಲ್ಲುಗಳಿರುತ್ತವೆ. ಮುಂದಿನ ಚಕ್ರದ ಕೆಲಸ ದಾರಿ ತೋರಿಸುವುದು. ಉದ್ದ ಪಟ್ಟೆಗಳು ಮಣ್ಣನ್ನು ಹಿಡಿದು ಚಕ್ರ ಪಕ್ಕಕ್ಕೆ ಜಾರದಂತೆ ತಡೆಯುತ್ತವೆ. ಹಿಂದಿನ ಚಕ್ರದ ಕೆಲಸ ಎಳೆಯುವುದು. ಹಲ್ಲುಗಳು ನೆಲವನ್ನು ಒದ್ದು ಗಾಡಿಯನ್ನು ಮುಂದಕ್ಕೆ ತಳ್ಳುತ್ತವೆ. ಮುಂದಿನ ಚಕ್ರದ ಟೈರಿನಲ್ಲಿ ನೇಗಿಲು ಎಳೆಸಲು ಯಾರೂ ಹೋಗುವುದಿಲ್ಲ.

ಬೈಕಿನಲ್ಲಿಯೂ ಇದೇ ನ್ಯಾಯ. ಆದರೆ ಎರಡು ಚಕ್ರಗಳು ಮೇಲುನೋಟಕ್ಕೆ ಒಂದೇ ರೀತಿ ಕಾಣುವುದರಿಂದ ನಾವು ಮೋಸ ಹೋಗುತ್ತೇವೆ. ಮುಂದಿನ ಟೈರು ತಿರುವನ್ನೂ, ಬ್ರೇಕು ಹಾಕಿದಾಗ ಬೀಳುವ ಭಾರದ ಹೆಚ್ಚಿನ ಪಾಲನ್ನೂ ಹೊರುತ್ತದೆ. ಹಿಂದಿನ ಟೈರು ಎಂಜಿನ್ನಿನ ಶಕ್ತಿಯನ್ನು ನೆಲಕ್ಕೆ ಮುಟ್ಟಿಸುತ್ತದೆ. ಹಿಂದೆ ಕೂತವರನ್ನೂ ಕ್ಯಾರಿಯರಿನ ಮೇಲಿನ ಮೂಟೆಯನ್ನೂ ಹೊರುತ್ತದೆ. ಆದುದರಿಂದಲೇ ಅದಕ್ಕೆ ಸಾಮಾನ್ಯವಾಗಿ ರಬ್ಬರು ಹೆಚ್ಚು, ಒಳಗಿನ ಕಟ್ಟು ಗಟ್ಟಿ. ಮುಂದಿನ ಟೈರಿನಲ್ಲಿ ಉದ್ದ ಪಟ್ಟೆಗಳಷ್ಟೇ ಇದ್ದರೆ, ಮಳೆಗಾಲದ ಎರೆಮಣ್ಣಿನಲ್ಲಿ ಆ ಸಂದುಗಳು ತುಂಬಿಹೋಗಿ, ನೆಲವನ್ನು ಒದೆಯಲು ಅಡ್ಡ ಅಂಚೇ ಇಲ್ಲದಂತಾಗುತ್ತದೆ. ಕೆರೆ ಏರಿಯ ಮೇಲೆ ಹಾಲಿನ ಕ್ಯಾನಿನೊಡನೆ ಹಿಂದಿನ ಚಕ್ರ ಸುಮ್ಮನೆ ತಿರುಗತೊಡಗಿದರೆ ಏನಾಗುವುದೆಂದು ಬೇರೆ ಹೇಳಬೇಕಾಗಿಲ್ಲ.

ಟೈರಿನ ಮೇಲಿನ ಬರಹವನ್ನು ಓದುವ ಕ್ರಮ

ಗೊಬ್ಬರದ ಚೀಲದ ಮೇಲೆ ಸಾರಜನಕ ಎಷ್ಟು, ರಂಜಕ ಎಷ್ಟು ಎಂದು ಬರೆದಿರುವಂತೆ, ಟೈರಿನ ಪಕ್ಕದ ಗೋಡೆಯ ಮೇಲೂ ಅದರ ಗುಣವನ್ನು ಬರೆದಿರುತ್ತಾರೆ. ಒದ್ದೆ ಬಟ್ಟೆಯಿಂದ ಒರೆಸಿ ನೋಡಿ.

ಟ್ಯೂಬು ಹಾಕುವ ಹಳೆಯ ಮಾದರಿಯ ಹೀರೋ ಸ್ಪ್ಲೆಂಡರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ಎರಡು ಟೈರುಗಳ ಮೇಲೂ 2.75-18 ಎಂದಿರುತ್ತದೆ. 2.75 ಎಂದರೆ ಟೈರಿನ ಅಗಲ, 18 ಎಂದರೆ ರಿಮ್ಮಿನ ಅಡ್ಡಳತೆ, ಎರಡೂ ಅಂಗುಲಗಳಲ್ಲಿ. ಅಳತೆ ಒಂದೇ ಆದುದರಿಂದ ಮುಂದಿನದು ಹಿಂದಕ್ಕೆ ಸಲೀಸಾಗಿ ಕೂರುತ್ತದೆ. ಆದರೆ ಅಲ್ಲಿಯೇ ಪಕ್ಕದಲ್ಲಿ ಮುಂದಿನ ಟೈರಿಗೆ 42 ಪಿ ಎಂದೂ ಹಿಂದಿನದಕ್ಕೆ 48 ಪಿ ಎಂದೂ ಬರೆದಿರುತ್ತದೆ. ಈ 42, 48 ಎಂಬುವು ಕಿಲೋ ಅಲ್ಲ, ಭಾರದ ಗುರುತಿನ ಸಂಖ್ಯೆಗಳು. ಅವುಗಳ ಅರ್ಥ ಹೀಗಿದೆ:

42 ಎಂದರೆ 150 ಕಿಲೋ
47 ಎಂದರೆ 175 ಕಿಲೋ
48 ಎಂದರೆ 180 ಕಿಲೋ
54 ಎಂದರೆ 212 ಕಿಲೋ

ಆ ಟೈರು ಒಂದೇ ಹೊರಬಹುದಾದ ಹೆಚ್ಚೆಂದರೆ ಹೆಚ್ಚು ತೂಕ ಇದು. ಅದೂ ಗಾಳಿ ಸರಿಯಾಗಿ ತುಂಬಿದ್ದಾಗ ಮಾತ್ರ. ಪಿ ಎಂಬ ಅಕ್ಷರ ವೇಗದ ಮಿತಿಯ ಗುರುತು, ಗಂಟೆಗೆ 150 ಕಿಲೋಮೀಟರ್. ಟ್ಯೂಬಿಲ್ಲದ ಟೈರಿನ ಹೊಸ ಸ್ಪ್ಲೆಂಡರಿನಲ್ಲಿ ಎರಡೂ ಚಕ್ರಕ್ಕೆ 80/100-18 ಅಳತೆಯ ಟೈರು; ಅಲ್ಲಿಯೂ ಮುಂದಿನದಕ್ಕೆ 47, ಹಿಂದಿನದಕ್ಕೆ 54. ಅಳತೆ ಒಂದಾದರೂ ಬಲ ಬೇರೆ. ಜೋಡಿ ಎತ್ತುಗಳ ಎತ್ತರ ಒಂದೇ ಇದ್ದ ಮಾತ್ರಕ್ಕೆ ಎರಡರ ಕಸುವೂ ಒಂದೇ ಎನ್ನಲಾಗುವುದೇ?

ಕೆಲವು ಗಾಡಿಗಳಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. 2021ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರ ಮುಂದಿನ ಟೈರು 100/90-19, ಹಿಂದಿನದು 120/80-18. ಒಂದರ ರಿಮ್ಮು 19 ಅಂಗುಲ, ಇನ್ನೊಂದರದು 18. ಮುಂದಿನದು ಹಿಂದಿನ ರಿಮ್ಮಿಗೆ ಸರಿಯಾಗಿ ಕೂರುವುದೇ ಇಲ್ಲ.

ಒಂದು ಲೆಕ್ಕ ಹಾಕಿ ನೋಡೋಣ

ಬೈಕಿನ ಸ್ವಂತ ತೂಕ ಸುಮಾರು 110 ಕಿಲೋ ಎಂದು ಹಿಡಿಯಿರಿ. ಅದರಲ್ಲಿ ಅರ್ಧ, ಎಂದರೆ 55 ಕಿಲೋ, ಹಿಂದಿನ ಚಕ್ರದ ಮೇಲೆ ಬೀಳುತ್ತದೆ. 60 ಕಿಲೋ ತೂಗುವ ಸವಾರನ ಭಾರದಲ್ಲಿ ಸುಮಾರು 40 ಕಿಲೋ ಹಿಂದಕ್ಕೆ. ಅಷ್ಟೇ ತೂಕದ ಇನ್ನೊಬ್ಬರು ಹಿಂದೆ ಕೂತರೆ ಅವರ ಭಾರದಲ್ಲಿ 55 ಕಿಲೋ ಹಿಂದಿನ ಚಕ್ರಕ್ಕೇ. ಕ್ಯಾರಿಯರಿನ ಮೇಲೆ 25 ಕಿಲೋ ಹಿಂಡಿಯ ಚೀಲ ಇಟ್ಟರೆ ಆ 25 ಪೂರ್ತಿ ಹಿಂದಕ್ಕೆ. ಒಟ್ಟು 175 ಕಿಲೋ.

ಇದು ಅಂದಾಜಿನ ಲೆಕ್ಕವಾದರೂ ವಿಷಯ ಸ್ಪಷ್ಟವಾಗುತ್ತದೆ. ಈ 175 ಕಿಲೋವನ್ನು 48ರ ಟೈರು ತನ್ನ ಮಿತಿಯೊಳಗೇ ಹೊರುತ್ತದೆ. 42ರ ಟೈರಿಗೆ ಇದು 25 ಕಿಲೋ ಹೆಚ್ಚು. ಗಂಡ ಹೆಂಡತಿ ಇಬ್ಬರೇ ಹೋದರೂ 150 ಕಿಲೋ ಆಗಿ 42ರ ಮಿತಿ ಮುಗಿದುಹೋಗುತ್ತದೆ. ರಸ್ತೆಯ ಗುಂಡಿಗೆ ಇಳಿದಾಗ ಬೀಳುವ ಪೆಟ್ಟು ಈ ಲೆಕ್ಕದಲ್ಲಿ ಸೇರಿಲ್ಲ.

ಇನ್ನು ಹಾಲಿನ ಲೆಕ್ಕ. ಒಂದು ಲೀಟರು ಹಾಲು ಸುಮಾರು 1.03 ಕಿಲೋ ತೂಗುತ್ತದೆ. 40 ಲೀಟರಿನ ಎರಡು ಕ್ಯಾನು ತುಂಬ ಹಾಲೆಂದರೆ 82 ಕಿಲೋ. ಸವಾರ ಒಬ್ಬನೇ ಇದ್ದರೂ 55, 40, 82 ಸೇರಿ 177 ಕಿಲೋ. ಕ್ಯಾನುಗಳ ತೂಕ ಸೇರಿಸಿದರೆ 48ರ ಟೈರೂ ಮಿತಿ ದಾಟುತ್ತದೆ. ಹೀಗಿರುವಾಗ ಅರ್ಧ ಸವೆದ 42ರ ಟೈರಿನ ಮೇಲೆ ಆ ಭಾರವನ್ನು ಹೇರಿದರೆ ಗತಿಯೇನು?

ಮಿತಿ ಮೀರಿದ ಟೈರು ತಕ್ಷಣ ಒಡೆಯುವುದಿಲ್ಲ. ಅದೇ ಅದರ ಅಪಾಯ. ಉರುಳಿದ ಪ್ರತಿ ಸುತ್ತಿಗೂ ಪಕ್ಕದ ಗೋಡೆ ಹೆಚ್ಚಾಗಿ ಬಾಗುತ್ತದೆ, ಬಾಗಿದಂತೆಲ್ಲ ಒಳಗೆ ಕಾವೇರುತ್ತದೆ, ಕಾವಿನಿಂದ ಒಳಗಿನ ನೂಲಿನ ಪದರಗಳು ರಬ್ಬರಿನಿಂದ ಸಡಿಲವಾಗುತ್ತವೆ. ಹೊರಗೆ ಏನೂ ಕಾಣದಿರಬಹುದು. ಒಂದು ದಿನ ಬಿಸಿಲಿನಲ್ಲಿ, ಭಾರ ಇರುವಾಗ, ವೇಗವಾಗಿ ಹೋಗುತ್ತಿರುವಾಗಲೇ ಅದು ಕೈಕೊಡುತ್ತದೆ. ಹಿಂದಿನ ಟೈರು ಒಮ್ಮೆಗೇ ಗಾಳಿ ಕಳೆದುಕೊಂಡರೆ ಗಾಡಿಯ ಹಿಂಭಾಗ ಎಡಕ್ಕೂ ಬಲಕ್ಕೂ ಓಲಾಡುತ್ತದೆ. ಆಗ ಹಿಂದೆ ಮಗುವನ್ನೆತ್ತಿಕೊಂಡು ಕೂತ ತಾಯಿಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ.

ಬಾಣದ ಗುರುತು ಏಕೆ?

ಅನೇಕ ಟೈರುಗಳ ಪಕ್ಕದಲ್ಲಿ ಒಂದು ಬಾಣವಿರುತ್ತದೆ. ಚಕ್ರ ಉರುಳಬೇಕಾದ ದಿಕ್ಕನ್ನು ಅದು ತೋರಿಸುತ್ತದೆ. ನೀರು ಚೆಲ್ಲುವ ಸಂದುಗಳು ಸರಿಯಾಗಿ ಕೆಲಸ ಮಾಡಲಿ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಕಣ್ಣಿಗೆ ಕಾಣದ್ದು. ಟೈರನ್ನು ತಯಾರಿಸುವಾಗ ಮೇಲಿನ ರಬ್ಬರನ್ನು ಪಟ್ಟಿಯಂತೆ ಸುತ್ತಿ, ಎರಡು ತುದಿಗಳನ್ನು ಓರೆಯಾಗಿ ಒಂದರ ಮೇಲೊಂದು ಕೂಡಿಸಿ ಬೇಯಿಸುವುದುಂಟು. ಮುಂದಿನ ಚಕ್ರದ ಮೇಲೆ ಹೆಚ್ಚಿನ ಎಳೆತ ಬೀಳುವುದು ಬ್ರೇಕು ಹಾಕಿದಾಗ; ಹಿಂದಿನ ಚಕ್ರದ ಮೇಲೆ ಬೀಳುವುದು ಗಾಡಿಯನ್ನು ಎಳೆಯುವಾಗ. ಈ ಎರಡು ಎಳೆತಗಳ ದಿಕ್ಕು ಒಂದಕ್ಕೊಂದು ವಿರುದ್ಧ. ಮನೆಗೆ ಹೆಂಚು ಹೊದಿಸುವಾಗ ನೀರು ಹರಿಯುವ ಕಡೆ ನೋಡಿ ಹೊದಿಸುತ್ತೇವೆ. ತಲೆಕೆಳಗಾಗಿ ಹೊದಿಸಿದರೆ ನೀರು ಒಳಕ್ಕೆ ನುಗ್ಗುತ್ತದೆ. ಅದರಂತೆಯೇ ಕೂಡಿಸಿದ ತುದಿಯನ್ನು ಎಳೆತ ಒತ್ತಿಹಿಡಿಯಬೇಕೇ ಹೊರತು ಎಬ್ಬಿಸಬಾರದು.

ಆದುದರಿಂದ ಎರಡು ಚಕ್ರಗಳಿಗೂ ಒಪ್ಪುವ ಟೈರುಗಳ ಮೇಲೆ ಕೆಲವು ತಯಾರಕರು ಎರಡು ಬಾಣಗಳನ್ನು ಹಾಕಿರುತ್ತಾರೆ: ಒಂದರ ಬಳಿ ಫ್ರಂಟ್ ಎಂದೂ ಇನ್ನೊಂದರ ಬಳಿ ರಿಯರ್ ಎಂದೂ ಬರೆದಿರುತ್ತದೆ. ಅಂತಹ ಟೈರನ್ನು ಹಿಂದಕ್ಕೆ ಹಾಕುವಾಗ ರಿಯರ್ ಎಂಬ ಬಾಣವನ್ನೇ ಅನುಸರಿಸತಕ್ಕದ್ದು.

"ಚೇತಕ್ ಸ್ಕೂಟರಿನಲ್ಲಿ ಬದಲಾಯಿಸುತ್ತಿರಲಿಲ್ಲವೇ?"

ಹಿರಿಯರು ಈ ಮಾತನ್ನು ಕೇಳಿಯೇ ಕೇಳುತ್ತಾರೆ. ಕೇಳುವುದು ನ್ಯಾಯವೂ ಹೌದು. ಗೇರು ಕೈಯಲ್ಲಿದ್ದ ಹಿಂದಿನ ಬಜಾಜ್ ಚೇತಕ್ಕಿಗೆ ಮುಂದೆ, ಹಿಂದೆ, ಸ್ಟೆಪ್ನಿ ಮೂರಕ್ಕೂ 3.50-10 ಅಳತೆಯ ಒಂದೇ ಬಗೆಯ ಚಕ್ರ. ಯಾವುದನ್ನು ಎಲ್ಲಿ ಬೇಕಾದರೂ ಹಾಕಬಹುದಿತ್ತು. ಆ ಗಾಡಿಯನ್ನೇ ಹಾಗೆ ಯೋಜಿಸಿದ್ದರು. ಹಿಂದಿನ ಚಕ್ರದ ಭಾರವನ್ನು ಹೊರುವ ಟೈರನ್ನೇ ಮುಂದಕ್ಕೂ ಕೊಟ್ಟಿದ್ದರು. ನಮ್ಮ ಬೈಕುಗಳಲ್ಲಿ ಹಾಗಿಲ್ಲ. ಒಂದು ಗಾಡಿಯ ರೂಢಿಯನ್ನು ಇನ್ನೊಂದಕ್ಕೆ ಹಚ್ಚಬಾರದು.

ಯಾವಾಗ ಹಾಕಬಹುದು?

ಕೆಳಗಿನ ಮಾತುಗಳೆಲ್ಲ ಒಪ್ಪಿದರೆ ಮಾತ್ರ ಮುಂದಿನ ಟೈರನ್ನು ಹಿಂದಕ್ಕೆ ಹಾಕಬಹುದು. ಒಂದು ತಪ್ಪಿದರೂ ಬೇಡ.

1. ಟೈರಿನ ಅಳತೆ ಹಿಂದಿನ ಚಕ್ರಕ್ಕೆ ಗಾಡಿಯ ಕೈಪಿಡಿಯಲ್ಲಿ ಹೇಳಿದ ಅಳತೆಯೇ ಆಗಿರಬೇಕು.

2. ಭಾರದ ಸಂಖ್ಯೆ ಹಿಂದಿನ ಟೈರಿಗೆ ಹೇಳಿರುವುದಕ್ಕಿಂತ ಕಡಿಮೆ ಇರಕೂಡದು. ಕೆಲವರು ಮುಂದಕ್ಕೂ 48ರ ಟೈರನ್ನೇ ಹಾಕಿಸಿರುತ್ತಾರೆ. ಅಂತಹವರಿಗೆ ಈ ಷರತ್ತು ಒಪ್ಪುತ್ತದೆ. ವೇಗದ ಅಕ್ಷರವನ್ನೂ ಹೀಗೆಯೇ ಹೋಲಿಸಿ ನೋಡಬೇಕು.

3. ಟೈರಿನ ಮೇಲೆ ಮುಂದಿನ ಚಕ್ರಕ್ಕೆ ಮಾತ್ರ ಎಂಬ ಬರಹ ಇರಬಾರದು. ಹಿಂದಿನ ಚಕ್ರದ ಬಾಣವಿದ್ದರೆ ಅದರಂತೆಯೇ ಕೂರಿಸಬೇಕು.

4. ಟ್ಯೂಬಿಲ್ಲದ ರಿಮ್ಮಿಗೆ ಟ್ಯೂಬಿಲ್ಲದ ಟೈರೇ ಆಗಬೇಕು.

5. ರಬ್ಬರು ಸಾಕಷ್ಟು ಉಳಿದಿರಬೇಕು. ಟೈರಿನ ಪಕ್ಕದಲ್ಲಿ ಇಂಗ್ಲಿಷಿನ ಟಿ, ಡಬ್ಲ್ಯು, ಐ ಎಂಬ ಅಕ್ಷರಗಳೋ ಸಣ್ಣ ತ್ರಿಕೋನವೋ ಇರುತ್ತದೆ. ಅದರ ನೇರಕ್ಕೆ ಸಂದಿನೊಳಗೆ ಒಂದು ಸಣ್ಣ ದಿಂಡು ಕಾಣುತ್ತದೆ. ರಬ್ಬರು ಸವೆದು ಆ ದಿಂಡಿನ ಮಟ್ಟಕ್ಕೆ ಬಂದರೆ ಟೈರಿನ ಆಯುಸ್ಸು ತೀರಿತು.

6. ಬಿರುಕು, ಉಬ್ಬು, ಕೊಯ್ತ, ಅಲೆಅಲೆಯಾದ ಸವೆತ ಇರಬಾರದು. ವಯಸ್ಸನ್ನೂ ನೋಡಬೇಕು. ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದುದು ಎಂದರ್ಥ. ಬಿಸಿಲಿನಲ್ಲಿ ನಿಂತ ರಬ್ಬರು ಓಡದಿದ್ದರೂ ಗಟ್ಟಿಯಾಗಿ ಬಿರಿಯುತ್ತದೆ.

ಹಿಂದಿನದನ್ನು ಮುಂದಕ್ಕೆ ಹಾಕುವುದೂ ಇಷ್ಟೇ ತಪ್ಪು. ಅಗಲ ಹೆಚ್ಚಿದ್ದರೆ ಮಡ್‌ಗಾರ್ಡಿಗೆ ಉಜ್ಜಬಹುದು. ಮೇಲ್ಮೈ ಚಪ್ಪಟೆಯಾಗಿದ್ದರೆ ಹ್ಯಾಂಡಲ್ಲು ಹಗುರವಾಗಿ ತಿರುಗದು.

ಉಳಿತಾಯದ ನಿಜವಾದ ದಾರಿ

ಟೈರಿನ ಹಣ ಉಳಿಸಬೇಕೆಂಬ ಆಸೆ ಸಹಜವಾದುದೇ. ಅದಕ್ಕೆ ಟೈರನ್ನು ಅದಲುಬದಲು ಮಾಡುವುದಕ್ಕಿಂತ ಒಳ್ಳೆಯ ದಾರಿಗಳಿವೆ.

ವಾರಕ್ಕೊಮ್ಮೆ ಗಾಳಿಯನ್ನು ನೋಡಿಸಿ. ಬೆಳಗ್ಗೆ ಗಾಡಿ ಓಡುವ ಮೊದಲು, ಟೈರು ತಣ್ಣಗಿರುವಾಗಲೇ ನೋಡಬೇಕು. ಹಿಂದಿನ ಚಕ್ರಕ್ಕೆ ಮುಂದಿನದಕ್ಕಿಂತ ಹೆಚ್ಚು ಗಾಳಿ ಬೇಕು. ಇಬ್ಬರು ಕೂರುವುದಾದರೆ ಇನ್ನೂ ಹೆಚ್ಚು. ಎಷ್ಟು ಎಂಬುದು ಗಾಡಿಯ ಕೈಪಿಡಿಯಲ್ಲಿ ಇದೆ. ಗಾಳಿ ಕಡಿಮೆಯಾದ ಟೈರು ಬೇಗ ಸವೆಯುವುದಲ್ಲದೆ ಪೆಟ್ರೋಲನ್ನೂ ಹೆಚ್ಚು ಕುಡಿಯುತ್ತದೆ.

ಭಾರವನ್ನು ಹಂಚಿಕೊಳ್ಳಿ. 45 ಕಿಲೋ ಯೂರಿಯಾ ಚೀಲವನ್ನೂ ಮನೆಯವರನ್ನೂ ಒಂದೇ ಸಲ ಹೊರುವುದು ಬೇಡ. ನಾಲ್ಕಾರು ಮಂದಿ ಸೇರಿ ಒಂದು ಟ್ರ್ಯಾಕ್ಟರಿನಲ್ಲಿ ಗೊಬ್ಬರ ತರಿಸಿದರೆ ಎಲ್ಲರ ಟೈರೂ ಉಳಿಯುತ್ತದೆ. ಸವಾರನ ಜೊತೆಗೆ ಒಬ್ಬರಿಗಿಂತ ಹೆಚ್ಚು ಮಂದಿ ಕೂರುವುದನ್ನು 1988ರ ಮೋಟಾರು ವಾಹನ ಕಾಯಿದೆಯೂ ನಿಷೇಧಿಸಿದೆ. ಹಾಲಿಗೆ 40 ಲೀಟರಿನ ಎರಡು ಕ್ಯಾನಿನ ಬದಲು 20 ಲೀಟರಿನವನ್ನು ಎರಡೂ ಪಕ್ಕಕ್ಕೆ ಸಮನಾಗಿ ಕಟ್ಟಿ.

ಹೊಸ ಟೈರು ಕೊಳ್ಳುವಾಗ ಅಂಗಡಿಯವರಿಗೆ "ಸ್ಪ್ಲೆಂಡರಿಗೆ ಒಂದು ಟೈರು ಕೊಡಿ" ಎನ್ನಬೇಡಿ. "ಹಿಂದಿನ ಚಕ್ರಕ್ಕೆ, ಇಂಥ ಅಳತೆ, ಭಾರದ ಸಂಖ್ಯೆ ಇಷ್ಟು" ಎಂದು ಕೇಳಿ, ಬರಹವನ್ನು ಓದಿ ನೋಡಿಯೇ ಹಣ ಕೊಡಿ. ಮುಂದಿನ ಟೈರಿನಲ್ಲಿ ರಬ್ಬರು ಉಳಿದಿದ್ದರೆ ಅದು ಅಲ್ಲಿಯೇ ಇನ್ನಷ್ಟು ದಿನ ದುಡಿಯಲಿ. ಅದನ್ನು ಹಿಂದಕ್ಕೆ ತಂದರೂ ಹೇಗೂ ಒಂದು ಹೊಸ ಟೈರನ್ನು ಕೊಳ್ಳಲೇಬೇಕು. ಆ ಹೊಸದನ್ನು ನೇರವಾಗಿ ಹಿಂದಕ್ಕೇ ಹಾಕಿಸಿದರೆ ಖರ್ಚೂ ಹೆಚ್ಚುವುದಿಲ್ಲ, ಅಪಾಯವೂ ಇರುವುದಿಲ್ಲ.

ಇಂದು ಸಂಜೆ ಗಾಡಿ ನಿಲ್ಲಿಸಿದ ಮೇಲೆ ಎರಡು ಟೈರುಗಳನ್ನೂ ಒರೆಸಿ, ಅವುಗಳ ಅಳತೆ, ಭಾರದ ಸಂಖ್ಯೆ, ತಯಾರಾದ ವಾರ ಇವನ್ನು ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡಿ. ಓದು ಬರುವ ಮಕ್ಕಳಿಂದ ಬರೆಯಿಸಿದರೆ ಅವರಿಗೂ ವಿಷಯ ತಿಳಿಯುತ್ತದೆ. ಮುಂದಿನ ಸಲ ಟೈರು ಬದಲಿಸುವಾಗ ಆ ಒಂದು ಸಾಲು ಬರಹ ನಿಮಗೆ ಬೇಕಾಗುತ್ತದೆ.