ಚಿಂತೆ ಮನಸ್ಸಿಗೆ, ಭಾರ ಹೃದಯಕ್ಕೆ

ಮಗನ ಪರೀಕ್ಷೆ, ಅತ್ತೆಯ ಕಾಯಿಲೆ, ತಿಂಗಳ ಕೊನೆಯ ಖರ್ಚು – ಗೃಹಿಣಿಗೆ ಒಂದಲ್ಲ ಒಂದು ಚಿಂತೆ ಇದ್ದದ್ದೇ. ಯಾರಾದರೂ ಕೇಳಿದರೆ, "ಏನಿಲ್ಲ ಬಿಡಿ, ಸ್ವಲ್ಪ ಟೆನ್ಷನ್ ಅಷ್ಟೇ" ಅಂದುಬಿಡುತ್ತೀರಿ, ಅಲ್ಲವೇ?

ಗಾಬರಿಯಾದಾಗ ದೇಹದಲ್ಲಿ ಅಡ್ರಿನಲಿನ್ ಎಂಬ ರಸ ಸ್ರವಿಸುತ್ತದೆ. ಎದೆ ಡವಡವ ಹೊಡೆದುಕೊಳ್ಳುತ್ತದೆ, ರಕ್ತನಾಳಗಳು ಬಿಗಿಯುತ್ತವೆ, ರಕ್ತದೊತ್ತಡ ಏರುತ್ತದೆ. ಮನಸ್ಸು ತಣ್ಣಗಾದರೆ ಅದೂ ಇಳಿಯುತ್ತದೆ. ಆದರೆ ಚಿಂತೆ ದಿನನಿತ್ಯದ್ದಾದರೆ ನಿದ್ದೆ ಕೆಡುತ್ತದೆ, ಊಟದ ಹೊತ್ತು ತಪ್ಪುತ್ತದೆ. ಎಲ್ಲ ಸೇರಿ ಹೃದಯಕ್ಕೆ ಹೊರೆ.

ಏರಿದ ಒತ್ತಡ ಬಹಳ ಮಂದಿಗೆ ಯಾವ ಸೂಚನೆಯನ್ನೂ ಕೊಡದು. ಅಳೆಸಿಕೊಳ್ಳುವುದೊಂದೇ ದಾರಿ. ಐದು ನಿಮಿಷ ಸುಮ್ಮನೆ ಕುಳಿತ ಮೇಲೆ ನೋಡಿಸಿ. ಬೇರೆ ಬೇರೆ ದಿನ ನೋಡಿಸಿದರೂ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ವೈದ್ಯರನ್ನು ಕಾಣಿ. ಮನಸ್ಸು ಹಗುರಾಯಿತೆಂದು ಮಾತ್ರೆ ನಿಲ್ಲಿಸಬೇಡಿ. ಎದೆನೋವು ಬಂದರಂತೂ "ಟೆನ್ಷನ್" ಎಂದು ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ.

ದಿನದ ಉಪ್ಪು ಒಂದು ಟೀ ಚಮಚ ಮೀರದಿರಲಿ. ಉಪ್ಪಿನಕಾಯಿ, ಹಪ್ಪಳದ ಉಪ್ಪೂ ಆ ಲೆಕ್ಕಕ್ಕೇ ಸೇರಿತು. ಸಂಜೆ ಅರ್ಧ ಗಂಟೆ ನಡೆಯಿರಿ. ಮನೆಮಂದಿಯ ಔಷಧಿಯ ಹೊತ್ತನ್ನೆಲ್ಲ ನೆನಪಿಡುವ ನೀವು, ಈ ವಾರ ನಿಮ್ಮ ಬಿ.ಪಿ.ಯನ್ನೂ ಒಮ್ಮೆ ನೋಡಿಸಬಾರದೇ?