ತಗಡಿನ ಮೇಲಿನ ತೂಕ, ರಸ್ತೆಯ ಮೇಲಿನ ತೂಕ

ಮಂಚ, ಒಲೆ, ಸ್ನಾನದ ಕೋಣೆಗಳನ್ನೆಲ್ಲ ಹೊತ್ತು ಕಾರಿನ ಹಿಂದೆ ಸಾಗುವ ಬ್ರಿಟನ್ನಿನ ಕ್ಯಾರವಾನುಗಳ ಬಾಗಿಲ ಪಕ್ಕದಲ್ಲಿ, ತಯಾರಕರು ಅಂಟಿಸಿದ ಅಂಗೈಯಗಲದ ತಗಡು ಅಥವಾ ಚೀಟಿಯೊಂದು ಇರುತ್ತದೆ. ಹೆಚ್ಚಿನವರು ಅದನ್ನು ಓದುವುದೇ ಇಲ್ಲ. ಆದರೆ ಅದರ ಮೇಲಿನ ಒಂದು ಸಂಖ್ಯೆಯು ಸುಮಾರು ಕಾಲು ಶತಮಾನದ ಕಾಲ, ಆ ಕ್ಯಾರವಾನನ್ನು ಯಾರು ಎಳೆಯಬಹುದು, ಯಾರು ಎಳೆಯಬಾರದು ಎಂಬುದನ್ನು ತೀರ್ಮಾನಿಸುತ್ತಿತ್ತು. ಕ್ಯಾರವಾನಿನೊಳಗೆ ಆ ದಿನ ನಿಜವಾಗಿ ಎಷ್ಟು ಭಾರವಿದೆ ಎಂಬುದು ಚಾಲನಾ ಪರವಾನಗಿಯ ಕಾನೂನಿಗೆ ಮುಖ್ಯವಾಗಿರಲಿಲ್ಲ. ಅದು ಗರಿಷ್ಠ ಎಷ್ಟು ಭಾರ ಹೊರಬಹುದೆಂದು ತಗಡು ಘೋಷಿಸುತ್ತದೆಯೋ ಅದೇ ಕಾನೂನಿನ ಕಣ್ಣಿಗೆ ಬೀಳುವ ತೂಕವಾಗಿತ್ತು. ಬ್ರಿಟಿಷ್ ರಸ್ತೆ ಕಾನೂನಿನಲ್ಲಿ ಇಷ್ಟು ಚಿಕ್ಕದಾಗಿದ್ದೂ ಇಷ್ಟು ಸ್ವಾರಸ್ಯಕರವಾದ ವಸ್ತು ಇನ್ನೊಂದಿರಲಾರದು.

ಆ ಸಂಖ್ಯೆಗೆ ಎಂಟಿಪಿಎಲ್‌ಎಂ ಎಂಬ ಹೆಸರಿದೆ: ತಾಂತ್ರಿಕವಾಗಿ ಒಪ್ಪಬಹುದಾದ ಗರಿಷ್ಠ ಭರ್ತಿ ತೂಕ. ಪರವಾನಗಿಯ ನಿಯಮಗಳಲ್ಲಿ ಇದನ್ನೇ ಎಂಎಎಂ, ಅಂದರೆ ಅಧಿಕೃತ ಗರಿಷ್ಠ ತೂಕ ಎಂದು ಕರೆಯುತ್ತಾರೆ. ಕಾರ್ಖಾನೆಯಿಂದ ಹೊರಬಂದ ಸ್ಥಿತಿಯಲ್ಲಿನ ಕ್ಯಾರವಾನಿನ ತೂಕಕ್ಕೆ ಎಂಆರ್‌ಒ ಎನ್ನುವುದು ರೂಢಿ. ಇವೆರಡರ ನಡುವಿನ ಅಂತರವೇ ಪೇಲೋಡ್, ಅಂದರೆ ಕುಟುಂಬವು ತನ್ನ ಸಾಮಾನಿಗೆಂದು ಬಳಸಬಹುದಾದ ಪಾಲು. ಎಂಆರ್‌ಒ 1,250 ಕಿಲೋ, ಎಂಟಿಪಿಎಲ್‌ಎಂ 1,400 ಕಿಲೋ ಇರುವ ಕ್ಯಾರವಾನನ್ನು ಊಹಿಸಿಕೊಂಡರೆ, ಸಿಗುವುದು 150 ಕಿಲೋ ಮಾತ್ರ. ಬ್ಯಾಟರಿ, ಬಾಗಿಲ ಮುಂದೆ ಕಟ್ಟುವ ಡೇರೆ, ಮಡಚುವ ಕುರ್ಚಿಗಳು, ಪಾತ್ರೆ, ಹಾಸಿಗೆ, ಬಟ್ಟೆ, ಡಬ್ಬಿಯಲ್ಲಿ ತುಂಬಿದ ಆಹಾರ ಎಲ್ಲವೂ ಇದರಲ್ಲೇ ಅಡಗಬೇಕು. ಕ್ಯಾರವಾನನ್ನು ನಿಲ್ಲಿಸಿದ ಮೇಲೆ ಅತ್ತಿತ್ತ ಸರಿಸಲು ಜೋಡಿಸುವ ವಿದ್ಯುತ್ ಮೋಟರಿನಂಥ ಅನುಕೂಲಗಳೂ ಈ ಪಾಲನ್ನೇ ತಿನ್ನುತ್ತವೆ.

ತಗಡಿನ ನಿಜವಾದ ಚಮತ್ಕಾರ ಬಯಲಾಗುವುದು ಹಳೆಯ ನಿಯಮದ ಲೆಕ್ಕದಲ್ಲಿ. 1997ರ ಜನವರಿ 1ರಿಂದ 2021ರ ಕೊನೆಯವರೆಗೆ, ಸಾಧಾರಣ ಕಾರಿನ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ‘ಬಿ’ ವರ್ಗದ ಪರವಾನಗಿ ಪಡೆದ ಚಾಲಕನು 750 ಕಿಲೋ ಮೀರಿದ ಟ್ರೇಲರನ್ನು ಎಳೆಯಬೇಕಾದರೆ, ಕಾರು ಮತ್ತು ಟ್ರೇಲರುಗಳ ಅಧಿಕೃತ ಗರಿಷ್ಠ ತೂಕಗಳ ಮೊತ್ತ 3,500 ಕಿಲೋ ಮೀರುವಂತಿರಲಿಲ್ಲ. ಮೀರಿದರೆ ‘ಬಿಇ’ ಎಂಬ ಪ್ರತ್ಯೇಕ ಪರೀಕ್ಷೆಯನ್ನು ಕೊಡಲೇಬೇಕಿತ್ತು. ಕಾರಿನದು 2,050, ಕ್ಯಾರವಾನಿನದು 1,450 ಎಂದಾದರೆ ಮೊತ್ತ ಸರಿಯಾಗಿ 3,500 ಆಗಿ, ಚಾಲಕ ಕಾನೂನಿನ ಒಳಗೇ ಇರುತ್ತಿದ್ದ. ಕ್ಯಾರವಾನಿನ ತಗಡು 1,500 ಎಂದರೆ, ಒಳಗೆ ಒಂದು ಚಮಚವೂ ಇಲ್ಲದೆ ಅದರ ನಿಜವಾದ ತೂಕ 1,250 ಇದ್ದರೂ, ಅದೇ ಚಾಲಕ ಅದೇ ಕಾರಿನಲ್ಲಿ ಅದೇ ರಸ್ತೆಯಲ್ಲಿ ತಪ್ಪಿತಸ್ಥನಾಗುತ್ತಿದ್ದ.

ಇದರ ಪರಿಹಾರವೂ ತಗಡಿನಲ್ಲೇ ಇತ್ತು. ತಯಾರಕರು ಒಂದೇ ಮಾದರಿಯ ಕ್ಯಾರವಾನಿಗೆ ಹಲವೊಮ್ಮೆ ಎರಡು ಎಂಟಿಪಿಎಲ್‌ಎಂ ಮಿತಿಗಳನ್ನು ಇಟ್ಟುಕೊಂಡಿರುತ್ತಾರೆ. ಅಚ್ಚುಗಂಬಿ, ಟೈರು, ಕೆಳಚೌಕಟ್ಟುಗಳು ಮೊದಲಿನಿಂದಲೇ ಹೆಚ್ಚಿನ ಭಾರಕ್ಕೆ ಸಮರ್ಥವಾಗಿದ್ದರೂ ಮಾರುಕಟ್ಟೆಯ ಅನುಕೂಲಕ್ಕಾಗಿ ಕಡಿಮೆಯದನ್ನು ನಮೂದಿಸಿರುತ್ತಾರೆ. ಮಾಲೀಕನಿಗೆ ಹೆಚ್ಚಿನ ಪೇಲೋಡ್ ಬೇಕೆನಿಸಿದರೆ, ಶುಲ್ಕ ಕಟ್ಟಿದ ಬಳಿಕ ಹೊಸ ಅಂಕಿ ಹೊತ್ತ ಹೊಸ ತಗಡು ಅಂಚೆಯಲ್ಲಿ ಬರುವುದುಂಟು. ಒಂದು ತಿರುಪನ್ನೂ ತಿರುಗಿಸದೆ ಕ್ಯಾರವಾನು ಕಾನೂನಿನ ದೃಷ್ಟಿಯಲ್ಲಿ ಐವತ್ತು ಕಿಲೋ ದಪ್ಪಗಾಗುತ್ತದೆ! ಏರಿಕೆ ದೊಡ್ಡದಾದರೆ ಮಾತ್ರ ಕೆಳಚೌಕಟ್ಟಿನ ಬದಲಾವಣೆ ಬೇಕಾಗುತ್ತದೆ. ಇದನ್ನು ವಂಚನೆಯೆನ್ನಲಾಗದು, ಏಕೆಂದರೆ ತಗಡು ಹೇಳುವುದು ಇರುವ ತೂಕವನ್ನಲ್ಲ, ತಯಾರಕನು ಹೊಣೆ ಹೊರಲು ಸಿದ್ಧನಿರುವ ತೂಕವನ್ನು. ಆದರೂ ಚಾಲಕನ ಕೌಶಲವನ್ನು ಅಳೆಯಬೇಕಾದ ಪರವಾನಗಿಯು ಕಾರ್ಖಾನೆಯ ಹೊಣೆಗಾರಿಕೆಯನ್ನು ಅಳತೆಗೋಲಾಗಿ ಮಾಡಿಕೊಂಡಿದ್ದು ವಿಚಿತ್ರವೇ ಸರಿ.

ಕಾರಿಗೂ ಅಂಥದೇ ತಗಡೊಂದಿದೆ. ಬಾನೆಟ್ಟಿನ ಕೆಳಗೋ ಬಾಗಿಲಿನ ಚೌಕಟ್ಟಿನ ಮೇಲೋ ಇರುವ ಇದರಲ್ಲಿ ಸಾಮಾನ್ಯವಾಗಿ ನಾಲ್ಕು ಅಂಕಿಗಳು ಒಂದರ ಕೆಳಗೊಂದು ಇರುತ್ತವೆ: ಕಾರಿನ ಗರಿಷ್ಠ ಭರ್ತಿ ತೂಕ, ಕಾರು ಮತ್ತು ಟ್ರೇಲರುಗಳ ಒಟ್ಟು ಗರಿಷ್ಠ ತೂಕ, ಬಳಿಕ ಮುಂದಿನ ಹಾಗೂ ಹಿಂದಿನ ಅಚ್ಚುಗಳ ಮಿತಿ. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ, ಉದಾಹರಣೆಗೆ 3,600ರಿಂದ 2,000 ತೆಗೆದರೆ, ಪೂರ್ತಿ ತುಂಬಿದ ಕಾರು ಎಳೆಯಬಹುದಾದ 1,600 ಕಿಲೋ ಸಿಗುತ್ತದೆ. ಎರಡನೆಯ ಅಂಕಿಯೇ ಕಾಣಿಸದಿದ್ದರೆ ಆ ಕಾರು ಏನನ್ನೂ ಎಳೆಯಲು ಯೋಗ್ಯವಲ್ಲವೆಂದು ತಿಳಿಯಬೇಕು.

ನಿಯಮಗಳ ಇತಿಹಾಸವು ತಗಡಿಗಿಂತ ತುಸು ನೀರಸ. ವಿಹಾರಕ್ಕೆಂದೇ ಕಟ್ಟಿಸಿದ ಮೊದಲ ಕ್ಯಾರವಾನ್ ಎಂದು ಹೆಸರಾದ ‘ವಾಂಡರರ್’ 1885ರಲ್ಲಿ ಬ್ರಿಸ್ಟಲ್‌ನಲ್ಲಿ ತಯಾರಾಯಿತು. ನೌಕಾಪಡೆಯಲ್ಲಿ ವೈದ್ಯನಾಗಿದ್ದು ಮುಂದೆ ಬಾಲಕರ ಸಾಹಸಕಥೆಗಳನ್ನು ಬರೆದ ಗಾರ್ಡನ್ ಸ್ಟೇಬಲ್ಸ್ ಅದನ್ನು ಎರಡು ಕುದುರೆಗಳಿಂದ ಎಳೆಸಿಕೊಂಡು ಸ್ಕಾಟ್ಲೆಂಡಿನ ಇನ್ವರ್ನೆಸ್‌ವರೆಗೆ ಹೋದನು; ಕಿರಿದಾದ ದಾರಿಯಲ್ಲಿ ಎದುರಿನವರನ್ನು ಎಚ್ಚರಿಸಲು ಸೇವಕನೊಬ್ಬ ಮೂರು ಚಕ್ರದ ಸೈಕಲ್ಲಿನಲ್ಲಿ ಮುಂದೆ ಸಾಗುತ್ತಿದ್ದ. ಪರವಾನಗಿ, ಎಂಎಎಂ, ತಗಡು ಯಾವುದೂ ಇಲ್ಲದ ಆ ಕಾಲದಲ್ಲಿ ಸುರಕ್ಷತೆಯ ಇಡೀ ವ್ಯವಸ್ಥೆ ಆ ಸೈಕಲ್ಲೇ ಆಗಿತ್ತು. ಕ್ಯಾರವಾನ್ ಕ್ಲಬ್ 1907ರಲ್ಲಿ ಹುಟ್ಟಿತು. ಮೊದಲ ಮಹಾಯುದ್ಧ ಮುಗಿಯುತ್ತಲೇ ಕಾರಿನ ಹಿಂದೆ ಕಟ್ಟುವ ಕ್ಯಾರವಾನುಗಳು ಮಾರಾಟಕ್ಕೆ ಬಂದವು. ಚಾಲನಾ ಪರೀಕ್ಷೆ ಕಡ್ಡಾಯವಾದದ್ದು 1935ರಲ್ಲಿ. 1996ರ ಕೊನೆಯವರೆಗೆ ಕಾರಿನ ಪರೀಕ್ಷೆ ಪಾಸಾದವರಿಗೆ 8,250 ಕಿಲೋ ತೂಕದವರೆಗಿನ ವಾಹನ ಮತ್ತು ಟ್ರೇಲರಿನ ಜೋಡಿಯನ್ನು ಓಡಿಸುವ ಹಕ್ಕು ತಾನಾಗಿಯೇ ದೊರೆಯುತ್ತಿತ್ತು. ಯುರೋಪಿಯನ್ ಒಕ್ಕೂಟದ ದೇಶಗಳ ಪರವಾನಗಿಗಳನ್ನು ಒಂದೇ ಹಾದಿಗೆ ತರುವ ನಿರ್ದೇಶನದ ಪ್ರಕಾರ 1997ರಿಂದ ಆ ಉದಾರತೆ ನಿಂತಿತು. 1996ರ ಡಿಸೆಂಬರಿನಲ್ಲಿ ಪಾಸಾದ ಅಣ್ಣ ಎಳೆಯಬಹುದಾದ ಕ್ಯಾರವಾನನ್ನು, ಒಂದು ತಿಂಗಳ ಬಳಿಕ ಪಾಸಾದ ತಮ್ಮ ಇನ್ನೊಂದು ಪರೀಕ್ಷೆಯಿಲ್ಲದೆ ಮುಟ್ಟುವಂತಿರಲಿಲ್ಲ.

ಆ ಪರೀಕ್ಷೆ ರದ್ದಾದದ್ದಕ್ಕೆ ಕಾರಣವೂ ಕ್ಯಾರವಾನ್ ಅಲ್ಲ. 2021ರಲ್ಲಿ ಬ್ರಿಟನ್ನಿನಲ್ಲಿ ಲಾರಿ ಚಾಲಕರ ತೀವ್ರ ಕೊರತೆ ಉಂಟಾದಾಗ, ಲಾರಿ ಪರೀಕ್ಷೆಗಳಿಗೆ ಪರೀಕ್ಷಕರ ಸಮಯವನ್ನು ಬಿಡಿಸಿಕೊಳ್ಳಲು ಸರ್ಕಾರ ‘ಬಿಇ’ ಪರೀಕ್ಷೆಯನ್ನೇ ಕೈಬಿಟ್ಟಿತು. ಸೆಪ್ಟೆಂಬರಿನಲ್ಲೇ ಜಾರಿಯಾಗಬೇಕಿದ್ದ ಬದಲಾವಣೆ ಸಂಸತ್ತಿನ ಪ್ರಕ್ರಿಯೆಯಲ್ಲಿ ತಡವಾಗಿ ಡಿಸೆಂಬರ್ 16ರಂದು ಜಾರಿಗೆ ಬಂದಿತು. ಅಂದಿನಿಂದ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ ‘ಬಿ’ ಪರವಾನಗಿಯುಳ್ಳ ಯಾರೇ ಆದರೂ 3,500 ಕಿಲೋ ಎಂಎಎಂವರೆಗಿನ ಟ್ರೇಲರನ್ನು ಎಳೆಯಬಹುದು. ಉತ್ತರ ಐರ್ಲೆಂಡಿಗೆ ಈ ಬದಲಾವಣೆ ಅನ್ವಯಿಸಲಿಲ್ಲ. ಕೌಶಲ ಸಾಬೀತಾದದ್ದರಿಂದಲ್ಲ, ಪರೀಕ್ಷಕರು ಸಾಲದಾದದ್ದರಿಂದ ಸಿಕ್ಕ ಸ್ವಾತಂತ್ರ್ಯವಿದು ಎಂಬುದನ್ನು ಮರೆಯುವಂತಿಲ್ಲ.

ಪರವಾನಗಿಯ ಬೇಲಿ ಹೀಗೆ ತೆಗೆದ ಮೇಲೆ ಉಳಿದದ್ದು ಕಾರಿನ ಮಿತಿ ಮತ್ತು ರಸ್ತೆಯ ಭೌತಶಾಸ್ತ್ರ. ಕ್ಯಾರವಾನ್ ಸಂಘಗಳು ಬಹುಕಾಲದಿಂದ ಹೇಳುತ್ತಬಂದಿರುವ ಶೇಕಡ 85ರ ಸೂತ್ರದಂತೆ, ಕ್ಯಾರವಾನಿನ ಭರ್ತಿ ತೂಕವು ಕಾರಿನ ಖಾಲಿ ತೂಕದ ಶೇಕಡ 85 ಮೀರಬಾರದು. 1,600 ಕಿಲೋ ಕಾರಿಗೆ 1,360 ಕಿಲೋ. ಇದು ಸಲಹೆಯೇ ಹೊರತು ಕಾನೂನಲ್ಲ, ಅನನುಭವಿಗಳಿಗೆ ಒಳ್ಳೆಯದೂ ಹೌದು. ಆದರೆ ಇದಕ್ಕೆ ದೊರೆತಿರುವ ಪಾವಿತ್ರ್ಯ ಅತಿಯಾಯಿತು. ಭಾರ ಎಷ್ಟಿದೆ ಎಂಬುದರ ಜೊತೆಗೆ ಎಲ್ಲಿದೆ ಎಂಬುದನ್ನೂ ನೋಡಬೇಕಾಗಿರುವಾಗ ಸೂತ್ರವು ಎರಡನೆಯದರ ಬಗ್ಗೆ ಮೌನವಾಗಿದೆ. ಭಾರದ ಸಾಮಾನನ್ನು ಹಿಂಬದಿಗೆ ತುಂಬಿದ ಹಗುರ ಕ್ಯಾರವಾನು, ಅಚ್ಚಿನ ಮೇಲೆ ನೆಲಕ್ಕೆ ಹತ್ತಿರವಾಗಿ ತುಂಬಿದ ಭಾರದ ಕ್ಯಾರವಾನಿಗಿಂತ ಬೇಗ ಹಾವಿನಂತೆ ಅತ್ತಿತ್ತ ಹೊಯ್ದಾಡತೊಡಗುತ್ತದೆ. ಹಾಗೆ ತೊಡಗಿದಾಗ ವೇಗ ಹೆಚ್ಚಿಸುವುದು ಅಪಾಯ, ಆಕ್ಸಿಲರೇಟರಿನಿಂದ ಕಾಲು ತೆಗೆದು ಸ್ಟಿಯರಿಂಗನ್ನು ನೇರವಾಗಿ ಹಿಡಿಯುವುದೇ ಕ್ಷೇಮ.

ಇದನ್ನು ತಡೆಯುವ ಅಳತೆಯೆಂದರೆ ನೋಸ್‌ವೇಟ್, ಅಂದರೆ ಕ್ಯಾರವಾನಿನ ಮುಂತುದಿ ಕಾರಿನ ಹಿಂದಿನ ಗುಂಡಿನ ಮೇಲೆ ಒತ್ತುವ ಭಾರ. ಇದು ಕ್ಯಾರವಾನಿನ ತೂಕದ ಶೇಕಡ 5ರಿಂದ 7ರಷ್ಟಿರಬೇಕೆಂಬುದು ಸಾಮಾನ್ಯ ಸಲಹೆ, ಆದರೆ ಕಾರು ಮತ್ತು ಗುಂಡಿನ ತಯಾರಕರು ಕೊಟ್ಟ ಮಿತಿಯನ್ನು ಇದು ದಾಟಬಾರದು. ಅಳೆಯಲು ದುಬಾರಿ ಯಂತ್ರ ಬೇಕಿಲ್ಲ. ಮನೆಯ ತೂಕದ ಮಾಪಕದ ಮೇಲೆ ಸರಿಯೆತ್ತರದ ಮರದ ತುಂಡನ್ನು ನಿಲ್ಲಿಸಿ ಕ್ಯಾರವಾನಿನ ಮುಂತುದಿಯನ್ನು ಅದರ ಮೇಲೆ ಇಳಿಸಿದರೆ ಸಾಕು. ಒಟ್ಟು ತೂಕಕ್ಕೆ ಮಾತ್ರ ವೇಬ್ರಿಡ್ಜ್‌ಗೆ ಹೋಗಬೇಕಾಗುತ್ತದೆ. ಎಂಟಿಪಿಎಲ್‌ಎಂ ಮೀರಿದ ಭಾರ ರಸ್ತೆಯಲ್ಲಿ ಕಂಡುಬಂದರೆ ಅದು ಅಪರಾಧ. ಇಲ್ಲಿ ತಗಡಿನ ಅಂಕಿಗೂ ನಿಜವಾದ ಭಾರಕ್ಕೂ ಮೊದಲ ಬಾರಿಗೆ ಮುಖಾಮುಖಿಯಾಗುತ್ತದೆ. ಕ್ಯಾರವಾನ್ ಎಳೆಯುವ ಕಾರಿಗೆ ವೇಗದ ಮಿತಿಯೂ ಬೇರೆ: ನಡುವೆ ವಿಭಜಕವಿಲ್ಲದ ರಸ್ತೆಯಲ್ಲಿ ಗಂಟೆಗೆ 50 ಮೈಲಿ, ವಿಭಜಕವಿರುವ ಜೋಡಿ ರಸ್ತೆ ಮತ್ತು ಮೋಟರ್‌ವೇಗಳಲ್ಲಿ 60.

ಬ್ರಿಟನ್ನಿನಲ್ಲಿ ನೆಲೆಸುವ ಕನ್ನಡಿಗರಿಗೆ ಭಾರತದ ಪರವಾನಗಿ 12 ತಿಂಗಳು ಮಾತ್ರ ನಡೆಯುತ್ತದೆ. ಬಳಿಕ ಬ್ರಿಟಿಷ್ ಪರೀಕ್ಷೆಯನ್ನೇ ಕೊಡಬೇಕು. ಈಗ ಹಾಗೆ ಕಾರಿನ ಪರೀಕ್ಷೆ ಪಾಸಾದವರಿಗೆ ಕ್ಯಾರವಾನ್ ಎಳೆಯುವ ಹಕ್ಕು ಜೊತೆಗೇ ಬರುತ್ತದೆ. ತಗಡಿನ ತೂಕವೋ ಖಾಲಿ ತೂಕವೋ ಎಂಬ ಜಿಜ್ಞಾಸೆ ಭಾರತಕ್ಕೂ ಹೊಸದಲ್ಲ: ಮೋಟಾರು ವಾಹನ ಕಾಯ್ದೆಯು ಲಘು ವಾಹನದ 7,500 ಕಿಲೋ ಮಿತಿಯನ್ನು ಸಾರಿಗೆ ವಾಹನಕ್ಕೆ ಒಟ್ಟು ತೂಕದಲ್ಲೂ ಕಾರಿಗೆ ಖಾಲಿ ತೂಕದಲ್ಲೂ ಅಳೆಯುತ್ತದೆ, ಲಘು ವಾಹನದ ಪರವಾನಗಿಯುಳ್ಳವರು ಆ ಮಿತಿಯೊಳಗಿನ ಸಾರಿಗೆ ವಾಹನವನ್ನೂ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಹೇಳಿತು.

ಬ್ರಿಟನ್ನಿನ ಹಳೆಯ 8,250 ಕಿಲೋ ಹಕ್ಕು ಇಂದಿಗೂ ಜೀವಂತವಾಗಿದೆ, ಆದರೆ 70 ತುಂಬಿದಾಗ ವೈದ್ಯರ ವರದಿಯಿಲ್ಲದೆ ಅದು ಮುಂದುವರಿಯುವುದಿಲ್ಲ. 3,500 ಕಿಲೋ ಮೀರಿದ ಮೋಟರ್‌ಹೋಮ್ ಇಟ್ಟುಕೊಂಡ ನಿವೃತ್ತರಿಗೆ ಇದೇ ದೊಡ್ಡ ತಲೆನೋವು. 17 ತುಂಬಿದವರಿಗೆ ಕಾರಿನ ಪರೀಕ್ಷೆ ಎಂಬ ಸಾಮಾನ್ಯ ನಿಯಮದಂತೆ ಲೆಕ್ಕ ಹಾಕಿದರೆ, ಆ ಹಕ್ಕಿನ ಕೊನೆಯ ವಾರಸುದಾರರು 1979ರಲ್ಲಿ ಹುಟ್ಟಿದವರು, ಮತ್ತು ಅವರಿಗೆ ವೈದ್ಯರ ಬಾಗಿಲು ತಟ್ಟುವ ಸರದಿ ಬರುವುದು 2049ರಲ್ಲಿ.